ಗೋವಾ ಕ್ಯಾಸಿನೊ: ಹಡಗಾ, ಹೋಟೆಲ್ಲಾ?

ತುಮಕೂರಿಂದ ಗೆಳೆಯರ ಗುಂಪು ಕಟ್ಟಿಕೊಂಡು ಗೋವಾಕ್ಕೆ ಹೊರಟಿದ್ದೀರಾ? ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಹಡಗಿಗೆ ಚಿಕ್ಕ ದೋಣಿ ಹತ್ತಿ ಹೋಗಬೇಕು, ಅಲ್ಲಿ ಇಸ್ಪೀಟ್ ಎಲೆ ಹಂಚುವವರು ಎದುರಿಗೇ ನಿಂತಿರುತ್ತಾರೆ, ಪ್ರವೇಶಕ್ಕೆ ಕಟ್ಟಿದ ದುಡ್ಡಲ್ಲೇ ಊಟವೂ ಸೇರಿರುವುದು ಜಾಸ್ತಿ. ಪಂಚತಾರಾ ಹೋಟೆಲಿನಲ್ಲಿ ಕಾನೂನಿನ ಪ್ರಕಾರ ಬರೀ ಯಂತ್ರದ ಆಟ. 1992ರ ತಿದ್ದುಪಡಿಯಲ್ಲಿ ಒಪ್ಪಿಗೆ ಸಿಕ್ಕಿದ್ದು ಅಷ್ಟಕ್ಕೇ, ಹಡಗಿನ ಮೇಜಿನಾಟ ಆಮೇಲೆ ಸೇರಿತು. ವಯಸ್ಸು 21 ತುಂಬಿರಬೇಕು, ಗುರುತಿನ ಚೀಟಿ ಮರೀಬೇಡಿ. ನನ್ನನ್ನು ಕೇಳಿದರೆ ಹಡಗೇ ಸರಿ, ಸುಮ್ನೆ ಗುಂಡಿ ಒತ್ತೋಕೆ ಅಷ್ಟು ದೂರ ಯಾಕೆ ಅಲ್ವಾ?

ಊರಲ್ಲೇ ಹುಣಸೆ ಮರದ ಕೆಳಗೆ ಟವೆಲ್ ಹಾಸಿ ಅಂದರ್ ಬಾಹರ್ ಆಡಿದರೆ? ಯುಗಾದಿ ದಿನವೂ ಅದು ಅಪರಾಧವೇ, ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಇದೆ. ಪಣಕ್ಕಿಟ್ಟ ದುಡ್ಡು, ಎಲೆ, ಕೊನೆಗೆ ಆ ಟವೆಲ್ಲೂ ಜೀಪು ಹತ್ತುತ್ತವೆ.