1/72 ಲಿಬರೇಟರ್ ಕಿಟ್: ಕಪಾಟಿನಲ್ಲಿ ಹಲವು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಮಾಡೆಲ್ ಕಿಟ್‌ಗಳ ವಿಮರ್ಶೆ ಅಂದರೆ ಸಾಮಾನ್ಯವಾಗಿ ಡಬ್ಬಿ ಬಿಚ್ಚಿ, ಸ್ಪ್ರೂಗಳ (ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟುಗಳ) ಫೋಟೊ ಹಾಕಿ, ‘ಮೋಲ್ಡಿಂಗ್ ಸೂಪರ್’ ಎಂದು ಬರೆದು ಕೈತೊಳೆದುಕೊಳ್ಳುವುದು. ಕಟ್ಟಿ ಮುಗಿಸಿದ ಮೇಲೆ ಆ ವಿಮಾನ ಎಷ್ಟು ಕಾಲ ನೆಟ್ಟಗೆ ನಿಂತಿತು, ಬಣ್ಣ ಉಳಿಯಿತೇ ಹೋಯಿತೇ ಎಂದು ಬರೆಯುವವರು ಬಹಳ ಕಡಿಮೆ. ಎರಡನೇ ಮಹಾಯುದ್ಧದ ಅಮೆರಿಕನ್ ಬಾಂಬರ್ ಬಿ-24 ಲಿಬರೇಟರ್‌ನ ನನ್ನ ಮಾಡೆಲ್ ಮಂಗಳೂರಿನ ಹಲವು ಮಳೆಗಾಲ ಕಂಡಿದೆ. ಈಗ ಬರೆದರೆ ಸರಿಹೋಗುತ್ತದೆ ಅನ್ನಿಸಿತು.

ಕಿಟ್ ಕಂಪನಿ ಏರ್‌ಫಿಕ್ಸ್ ಈ ವಿಮಾನವನ್ನು 1/72 ಅಳತೆಯಲ್ಲಿ (ಅಸಲಿಯ ಎಪ್ಪತ್ತೆರಡನೇ ಒಂದು ಭಾಗ) 1960ರ ದಶಕದಲ್ಲೇ ತಂದಿತ್ತು. ಆಮೇಲೆ ಅಕಾಡೆಮಿ, ಹಸೇಗಾವ ಕಂಪನಿಗಳೂ ತಂದವು. ನಾನು ಕಟ್ಟಿದ ಡಬ್ಬಿ ಯಾರದ್ದು ಎಂಬುದನ್ನು ಬೇಕೆಂದೇ ಬಿಡುತ್ತೇನೆ. ಏಕೆಂದರೆ ಕೆಳಗೆ ಬರೆದ ತಲೆನೋವುಗಳಲ್ಲಿ ಹೆಚ್ಚಿನವು ಕಂಪನಿಯಿಂದ ಬಂದವಲ್ಲ, ವಿಮಾನದ ಆಕಾರದಿಂದಲೇ ಬಂದವು. ಯಾರ ಡಬ್ಬಿ ತಂದರೂ ಎದುರಾಗುತ್ತವೆ. ಕೊಳ್ಳುವಾಗ ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಹಳೆಯ ಅಚ್ಚುಗಳಲ್ಲಿ ಪ್ಯಾನೆಲ್ ಗೆರೆಗಳು (ತಗಡು ಕೂಡುವ ಕಡೆ ತೋರಿಸುವ ಗೆರೆಗಳು) ಉಬ್ಬಿರುತ್ತವೆ, ಹೊಸ ಅಚ್ಚುಗಳಲ್ಲಿ ಕೊರೆದಿರುತ್ತವೆ. ಜೋಡಣೆಯ ಸಂದು ಮುಚ್ಚಲು ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದ ಕೂಡಲೇ ಉಬ್ಬುಗೆರೆ ಮಾಯವಾಗುತ್ತದೆ, ಕೊರೆದ ಗೆರೆ ಉಳಿಯುತ್ತದೆ. ಬೆಳ್ಳಿ ಬಣ್ಣದ ಲಿಬರೇಟರ್ ಬೇಕು ಅನ್ನುವವರು ಹೊಸ ಅಚ್ಚಿನದ್ದನ್ನೇ ತನ್ನಿ, ದುಡ್ಡು ಹೆಚ್ಚಾದರೂ.

ಜಾಗ ಅಳೆದುಕೊಂಡು ಕೊಳ್ಳಿ. ಅಸಲಿ ವಿಮಾನದ ರೆಕ್ಕೆಯ ಹರವು 110 ಅಡಿ. 1/72ರಲ್ಲಿ ಒಂದು ಇಂಚು ಅಂದರೆ ಆರಡಿ, ಹಾಗಾಗಿ ಮಾಡೆಲ್ ಸುಮಾರು 46 ಸೆಂಟಿಮೀಟರ್ ಅಗಲ, 28 ಸೆಂಟಿಮೀಟರ್ ಉದ್ದ ಬರುತ್ತದೆ. ಪುಸ್ತಕದ ಕಪಾಟಿನ ಸಾಮಾನ್ಯ ಅರೆಯಲ್ಲಿ ಇದು ನೇರವಾಗಿ ಕೂರುವುದಿಲ್ಲ, ಓರೆಯಾಗಿ ಇಡಬೇಕು. ಮನೆಯವರ ಒಪ್ಪಿಗೆಯನ್ನು ಡಬ್ಬಿ ಬಿಚ್ಚುವ ಮೊದಲೇ ತೆಗೆದುಕೊಳ್ಳುವುದು ಕ್ಷೇಮ.

ಲ್ಯಾಂಕಾಸ್ಟರ್, ಬಿ-17ನಂಥ ಬಾಂಬರ್‌ಗಳನ್ನು ಬಿಟ್ಟು ಇದೇ ಯಾಕೆ ಎಂದು ಬಹಳ ಜನ ಕೇಳಿದ್ದಾರೆ. ನೋಡಲು ಲಿಬರೇಟರ್ ಚೆಂದದ ವಿಮಾನವಲ್ಲ, ಒಪ್ಪುತ್ತೇನೆ. ಡಬ್ಬದಂಥ ಮೈ, ಅದರ ಮೇಲೆ ತೆಳ್ಳಗಿನ ಉದ್ದ ರೆಕ್ಕೆ, ಹಿಂದೆ ಎರಡು ದುಂಡು ಬಾಲ. ಆದರೆ ಯುದ್ಧಕಾಲದ ಅಮೆರಿಕದಲ್ಲಿ ಇದರಷ್ಟು ಸಂಖ್ಯೆಯಲ್ಲಿ ತಯಾರಾದ ಸೇನಾ ವಿಮಾನ ಇನ್ನೊಂದಿಲ್ಲ, 18,000ಕ್ಕೂ ಮೀರಿ. ಮಿಷಿಗನ್‌ನ ವಿಲೋ ರನ್‌ನಲ್ಲಿದ್ದ ಫೋರ್ಡ್ ಕಾರ್ಖಾನೆ ತನ್ನ ಉಚ್ಛ್ರಾಯ ಕಾಲದಲ್ಲಿ ಹೆಚ್ಚುಕಡಿಮೆ ಗಂಟೆಗೊಂದು ಲಿಬರೇಟರ್ ಹೊರಗೆ ಬಿಡುತ್ತಿತ್ತು. ಇನ್ನೊಂದು ಕಾರಣ ನಮ್ಮ ಕಡೆಯದೇ. ಯುದ್ಧ ಮುಗಿದಾಗ ಬ್ರಿಟಿಷರು ಲೆಂಡ್-ಲೀಸ್ ಕರಾರಿನಡಿ (ಮಿತ್ರದೇಶಗಳಿಗೆ ಅಮೆರಿಕ ಯುದ್ಧಸಾಮಗ್ರಿ ಒದಗಿಸಿದ ಏರ್ಪಾಡು) ಬಂದಿದ್ದ ಲಿಬರೇಟರ್‌ಗಳನ್ನು ಕಾನ್ಪುರದ ಚಕೇರಿಯಲ್ಲಿ ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋದರು. ಬೆಂಗಳೂರಿನ ಎಚ್‌ಎಎಲ್‌ನವರು ಆ ಗುಜರಿಯಲ್ಲಿ ಹುಡುಕಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಟ್ಟಿಗೆ ರಿಪೇರಿ ಮಾಡಿದರು. ಎಚ್‌ಎಎಲ್ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು, ಇಲ್ಲಿ ಪೂರ್ತಿ ಓವರ್‌ಹಾಲ್ ಆಯಿತು. ಹೀಗೆ ಎದ್ದು ನಿಂತವು 42. 1948ರ ನವೆಂಬರ್‌ನಲ್ಲಿ ಇವುಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಕಟ್ಟಿದರು. ಆಮೇಲೆ 6ನೇ ಸ್ಕ್ವಾಡ್ರನ್ ಇದೇ ವಿಮಾನದಲ್ಲಿ ಸಮುದ್ರದ ಮೇಲೆ ಕಾವಲು ಹಾರಿತು, 1968ರವರೆಗೆ. ನಾನು ಕಟ್ಟಿದ್ದು ಈ ಭಾರತೀಯ ಲಿಬರೇಟರನ್ನು.

ಈಗ ಕಿಟ್‌ಗೆ ಬರೋಣ. ದೀರ್ಘಕಾಲದ ಬಳಕೆಯಲ್ಲಿ ಈ ವಿಮಾನದ ಅತಿ ದೊಡ್ಡ ಪ್ರಶ್ನೆ ಒಂದೇ: ಮೂಗು ನೆಲಕ್ಕೆ ಕೂರುತ್ತದೆಯೇ? ಲಿಬರೇಟರ್‌ಗೆ ಮುಂದೊಂದು ಚಕ್ರ, ರೆಕ್ಕೆಯಡಿ ಎರಡು. ಮುಖ್ಯ ಚಕ್ರಗಳ ಹಿಂದೆ ಉದ್ದವಾದ ಮೈ, ಅದರ ತುದಿಗೆ ಜೋಡಿ ಬಾಲ. ಹಾಗಾಗಿ ಪ್ಲಾಸ್ಟಿಕ್ ಮಾಡೆಲ್ ತನ್ನಷ್ಟಕ್ಕೆ ಹಿಂದಕ್ಕೆ ವಾಲಿ ಬಾಲದ ಮೇಲೆ ಕೂತುಬಿಡುತ್ತದೆ. ಅಸಲಿ ವಿಮಾನಕ್ಕೂ ಈ ಚಾಳಿ ಇತ್ತು, ನಿಲ್ಲಿಸಿದಾಗ ಬಾಲದಡಿ ಊರೆ ಕೊಡುತ್ತಿದ್ದರು. ಮಾಡೆಲ್‌ನಲ್ಲಿ ಮೂಗಿಗೆ ಭಾರ ತುಂಬಬೇಕು ಎಂದು ಸೂಚನಾ ಹಾಳೆಯಲ್ಲೂ ಬರೆದಿರುತ್ತಾರೆ. ಎಲ್ಲಿ ತುಂಬುವುದು? ಮೂಗಿನ ತುದಿ ಪೂರ್ತಿ ಗಾಜು, ಒಳಗೆಲ್ಲ ಕಾಣುತ್ತದೆ. ಅದರ ಹಿಂದೆ ಮುಂಚಕ್ರದ ಗೂಡು. ಉಳಿಯುವುದು ಕಾಕ್‌ಪಿಟ್ ನೆಲದಡಿಯ ಸಂದು, ಕಾಕ್‌ಪಿಟ್ ಹಿಂದಿನ ಗೋಡೆಯ ಮರೆ. ಅಷ್ಟು ಸಾಲದು. ಹೆಚ್ಚಿನವರಿಗೆ ಹೊಳೆಯದ ಜಾಗ ಎಂಜಿನ್ ಕೌಲಿಂಗ್, ಅಂದರೆ ಎಂಜಿನ್ ಸುತ್ತಲಿನ ಕವಚ. ನಾಲ್ಕೂ ಎಂಜಿನ್ ಮುಖ್ಯ ಚಕ್ರಗಳಿಗಿಂತ ಮುಂದಿವೆ. ಎಂಜಿನ್ ತುಂಡಿನ ಹಿಂದಿನ ಪೊಳ್ಳಿನಲ್ಲಿ ಸೀಸ ತುಂಬಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ, ಭಾರವೂ ನಾಲ್ಕು ಕಡೆ ಹಂಚಿಹೋಗುತ್ತದೆ. ಎರಡೂ ಬದಿಗೆ ಸಮ ತೂಕ ಹಾಕಿದರಾಯಿತು.

ಸೀಸಕ್ಕೆ ನಾನು ಗಾಳದ ಅಂಗಡಿಗೆ ಹೋದೆ. ಕರಾವಳಿಯಲ್ಲಿರುವ ಲಾಭ. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು ಅಗ್ಗ, ಬೇಕಾದ ಗಾತ್ರದಲ್ಲಿ ಸಿಗುತ್ತವೆ, ಸುತ್ತಿಗೆಯಲ್ಲಿ ತಟ್ಟಿದರೆ ಚಪ್ಪಟೆಯಾಗುತ್ತವೆ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಇದನ್ನು ಯಾವುದರಲ್ಲಿ ಅಂಟಿಸುತ್ತೀರಿ ಎಂಬುದರ ಮೇಲೆ ಮಾಡೆಲ್‌ನ ಆಯುಸ್ಸು ನಿಂತಿದೆ. ಮರಕ್ಕೆ ಬಳಸುವ ಬಿಳಿ ಅಂಟು ಸುರಿದು ಸೀಸದ ಗುಂಡುಗಳನ್ನು ಹಿಡಿಸುವ ಪದ್ಧತಿ ತುಂಬಾ ಕಡೆ ಇದೆ. ಬೇಡವೇ ಬೇಡ. ಆ ಅಂಟಿನಿಂದ ಹೊರಡುವ ಅಸಿಟಿಕ್ ಆಮ್ಲ ಸೀಸವನ್ನು ನಿಧಾನವಾಗಿ ಲೆಡ್ ಕಾರ್ಬೊನೇಟ್ ಎಂಬ ಬಿಳಿ ಪುಡಿಯಾಗಿಸುತ್ತದೆ. ಆ ಪುಡಿಗೆ ಸೀಸಕ್ಕಿಂತ ಹೆಚ್ಚು ಜಾಗ ಬೇಕು. ಮುಚ್ಚಿದ ಪೊಳ್ಳಿನಲ್ಲಿ ಅದು ಹಿಗ್ಗಿ, ಕೆಲವು ವರ್ಷದ ಮೇಲೆ ಕೂಡಿಸಿದ ಸಂದನ್ನೇ ಬಿರಿಯಿಸುತ್ತದೆ. ರೈಲು ಮಾಡೆಲ್ ಕಟ್ಟುವವರಿಗೆ ಇದು ಹಳೆಯ ಅನುಭವ, ವಿಮಾನದವರು ಇನ್ನೂ ಕಲಿಯುತ್ತಿದ್ದೇವೆ. ಎಪಾಕ್ಸಿ ಬಳಸಿ. ಎರಡು ಟ್ಯೂಬ್ ಕಲಸಿ ಹಚ್ಚುವ ಯಾವುದೇ ಎಪಾಕ್ಸಿ ನಡೆಯುತ್ತದೆ, ಹಾರ್ಡ್‌ವೇರ್ ಅಂಗಡಿಯದ್ದೂ ಸೈ. ನನ್ನ ಲಿಬರೇಟರ್‌ನ ಮೂಗು ಇವತ್ತಿಗೂ ಬಿಗಿಯಾಗಿದೆ.

ಮೂಗು ಕೂತಿತು, ಸಂತೋಷ. ಆದರೆ ಅಷ್ಟೂ ಭಾರ ಹೊರುವುದು ಕಡ್ಡಿಯಷ್ಟು ಸಣ್ಣ ಮುಂಗಾಲು. ಪ್ಲಾಸ್ಟಿಕ್ ಒಂದೇ ದಿನದಲ್ಲಿ ಮುರಿಯುವುದಿಲ್ಲ, ವರ್ಷಗಟ್ಟಲೆ ಹೊತ್ತು ಹೊತ್ತು ಬಾಗುತ್ತದೆ. ಸೆಖೆ ಇರುವ ಊರಿನಲ್ಲಿ ಇನ್ನೂ ಬೇಗ. ಬಾಗಿದ್ದು ಮೊದಲು ಗೊತ್ತಾಗುವುದೇ ಇಲ್ಲ, ಪಕ್ಕದಿಂದ ನೋಡಿದಾಗ ವಿಮಾನ ಯಾಕೋ ತಲೆತಗ್ಗಿಸಿದೆ ಅನ್ನಿಸುತ್ತದೆ. ಕಿಟ್‌ನೊಂದಿಗೆ ಬಂದ ಕಾಲಿನ ಬಗ್ಗೆ ನನ್ನ ದೂರು ಇದೊಂದೇ, ಆದರೆ ದೊಡ್ಡದು. ಬಿಳಿ ಲೋಹದಲ್ಲಿ ಎರಕ ಹೊಯ್ದ ಕಾಲುಗಳನ್ನು ಬೇರೆಯಾಗಿ ಮಾರುತ್ತಾರೆ. ನಾನು ಆಮೇಲೆ ಹಾಕಿಸಿಕೊಂಡೆ, ಅದರಿಂದ ಪೂರ್ತಿ ವಾಸಿ. ಹೊಸದಾಗಿ ಕಟ್ಟುವವರು ಮೊದಲೇ ತರಿಸಿಕೊಳ್ಳಿ, ಏಕೆಂದರೆ ಅಂಟಿದ ಕಾಲನ್ನು ಗೂಡಿನಿಂದ ಕೀಳುವುದು ಹಲ್ಲು ಕೀಳುವುದಕ್ಕಿಂತ ಸುಲಭವೇನಲ್ಲ.

ಒಳಾಂಗಣದ ಬಗ್ಗೆ ಎರಡು ಮಾತು. ಬಾಂಬ್ ಗೂಡಿನ ಬಾಗಿಲು ಲಿಬರೇಟರ್‌ನಲ್ಲಿ ಕೆಳಕ್ಕೆ ತೆರೆಯುವುದಿಲ್ಲ, ಸುರುಳಿಯಂತೆ ಮೈಯ ಹೊರಬದಿಗೆ ಜಾರಿ ಮೇಲೇರುತ್ತದೆ. ತೆರೆದೇ ತೋರಿಸಿ, ನೋಡುವವರು ಬಗ್ಗಿ ನೋಡುವ ಜಾಗ ಅದೊಂದೇ. ಗೂಡಿನ ನಡುವೆ ಒಂಬತ್ತು ಇಂಚು ಅಗಲದ ಓಡಾಟದ ಪಟ್ಟಿ ಇತ್ತು, ಮಾಡೆಲ್‌ನಲ್ಲಿ ಅದು ಮೂರು ಮಿಲಿಮೀಟರ್. ಇದೇ ಪಟ್ಟಿ ಮೈಯ ಎರಡು ಅರ್ಧಗಳನ್ನೂ ನೇರ ಹಿಡಿಯುತ್ತದೆ, ಹಾಗಾಗಿ ಡ್ರೈ ಫಿಟ್, ಅಂದರೆ ಅಂಟಿಲ್ಲದೆ ಕೂಡಿಸಿ ನೋಡದೆ, ಅಂಟಿಸಬೇಡಿ. ಕಾಕ್‌ಪಿಟ್‌ಗೆ ಜೀವ ತೇಯುವ ಅಗತ್ಯವಿಲ್ಲ. ಮುಚ್ಚಿದ ಮೇಲೆ ಸೀಟಿನ ಬೆಲ್ಟ್ ಬಿಟ್ಟು ಬೇರೇನೂ ಕಾಣುವುದಿಲ್ಲ.

ಗಾಜಿನ ಭಾಗಗಳು ವಿಪರೀತ. ಮುಂದಿನ ಗೋಪುರ (ಮೆಷಿನ್ ಗನ್ ಇರುವ ತಿರುಗುವ ಗೂಡು), ಬಾಂಬ್ ಗುರಿಕಾರನ ಕಿಟಕಿ, ಕಾಕ್‌ಪಿಟ್, ಮೇಲಿನ ಗೋಪುರ, ಹಿಂದಿನದು. ಸೂಪರ್ ಗ್ಲೂ ಹತ್ತಿರ ತರಬೇಡಿ, ಅದರ ಆವಿ ಕೂತು ಪಾರದರ್ಶಕ ಪ್ಲಾಸ್ಟಿಕ್ ಮಂಜಾಗುತ್ತದೆ. ಸೀಸಕ್ಕೆ ಬೇಡವೆಂದ ಬಿಳಿ ಅಂಟು ಇಲ್ಲಿ ಸರಿಯಾದ ಜಾಗ, ಒಣಗಿದರೆ ಕಾಣುವುದಿಲ್ಲ. ಒಂದು ಕೊರತೆ ಎಂದರೆ ತೇವದ ಹವೆಯಲ್ಲಿ ಅದರ ಹಿಡಿತ ಸಡಿಲವಾಗುತ್ತದೆ. ಒಂದು ಜುಲೈನಲ್ಲಿ ನನ್ನ ಮೇಲಿನ ಗೋಪುರ ಕಳಚಿ ಗೂಡಿನೊಳಗೆ ಬಿತ್ತು. ಮತ್ತೆ ಅಂಟಿಸಿದರಾಯಿತು, ಹಾನಿಯೇನಿಲ್ಲ. ಬಣ್ಣ ತಾಗದಂತೆ ಕಿಟಕಿಗಳಿಗೆ ಅಂಟಿಸಲು ಅಳತೆಗೆ ಕತ್ತರಿಸಿದ ಮಾಸ್ಕ್ ಸಿಗುತ್ತದೆ. ದುಡ್ಡು ಕೊಟ್ಟು ತನ್ನಿ, ಟೇಪ್ ಕತ್ತರಿಸುತ್ತಾ ಕೂರುವ ಸಂಜೆಗಳನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.

ಬಣ್ಣ. ಭಾರತೀಯ ಲಿಬರೇಟರ್‌ಗೆ ಬೆಳ್ಳಿಯ ಬರಿ ಲೋಹದ ಮೈ. ಲ್ಯಾಕರ್ (ಬೇಗ ಆರುವ ದ್ರಾವಕದ) ಲೋಹಬಣ್ಣವನ್ನು ಹೊಳಪುಗಪ್ಪಿನ ಮೇಲೆ ತೆಳುವಾಗಿ ಹೊಡೆದರೆ ಅಲ್ಯುಮಿನಿಯಂ ತಗಡಿನಂತೆಯೇ ಕಾಣುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಆದರೆ ಕಪ್ಪಿನಡಿಯ ಕೂದಲಗಾತ್ರದ ಗೀಚೂ ಎದ್ದು ತೋರುತ್ತದೆ. ಪುಟ್ಟಿ, ಪ್ರೈಮರ್, ಉಜ್ಜು, ಮತ್ತೆ ಪ್ರೈಮರ್: ಇದರಲ್ಲಿ ಅವಸರ ಮಾಡುವವರು ಹಸಿರು-ಬೂದು ಬಣ್ಣದ ಅಮೆರಿಕನ್ ಲಿಬರೇಟರ್ ಕಟ್ಟುವುದೇ ವಾಸಿ, ಮ್ಯಾಟ್ ಬಣ್ಣ ಎಷ್ಟೋ ಪಾಪ ಮುಚ್ಚುತ್ತದೆ. ಕೆಲವು ಪ್ಯಾನೆಲ್‌ಗಳಿಗೆ ಒಂದೆರಡು ಛಾಯೆ ಗಾಢವಾಗಿ ಹೊಡೆದೆ. ಬೇರೆಬೇರೆ ವಿಮಾನದ ಭಾಗ ಕೂಡಿಸಿದ ಎಚ್‌ಎಎಲ್ ಲಿಬರೇಟರ್‌ಗೆ ಅದು ಒಪ್ಪುತ್ತದೆ ಎಂಬುದು ನನ್ನ ವಾದ, ಒಪ್ಪದವರು ಒಪ್ಪದಿರಲಿ. ಬಾಳಿಕೆ? ಮುಟ್ಟದಿದ್ದರೆ ಚೆನ್ನಾಗಿದೆ. ಮುಟ್ಟಿದ ಕಡೆ ಬೆರಳಿನ ಜಿಡ್ಡು ಕೂತು, ವರ್ಷ ಕಳೆದ ಮೇಲೆ ಮಸುಕು ಮಚ್ಚೆಯಾಗಿ ಉಳಿಯುತ್ತದೆ. ರೆಕ್ಕೆಯ ತುದಿಯಲ್ಲಿ ಅಂಥದ್ದೊಂದು ನನ್ನದರಲ್ಲೂ ಇದೆ, ಬಂದ ನೆಂಟರ ಮಗುವಿನ ಹೆಬ್ಬೆರಳ ಗುರುತು.

ಕರಾವಳಿಯವರಿಗೆ ಮುಖ್ಯವಾದದ್ದು ಇನ್ನೊಂದು. ಮಳೆಗಾಲದಲ್ಲಿ ಲ್ಯಾಕರ್, ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಲೇಪ) ಹೊಡೆಯಲೇಬೇಡಿ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣಿಯುತ್ತದೆ, ಗಾಳಿಯ ತೇವ ಅಲ್ಲಿ ಕೂತು ಹಾಲು ಬಣ್ಣದ ಪೊರೆ ಕಟ್ಟುತ್ತದೆ. ನಾನು ಮೂಗು-ಬಾಲದ ಕೆಲಸವನ್ನೆಲ್ಲ ಮಳೆಯಲ್ಲಿ ಮಾಡಿ, ಬಣ್ಣವನ್ನು ಡಿಸೆಂಬರ್ ಮೇಲಕ್ಕೆ ಇಟ್ಟುಕೊಳ್ಳುತ್ತೇನೆ. ಬಣ್ಣ ಹೊಡೆಯುವ ಏರ್‌ಬ್ರಶ್‌ಗೆ ಗಾಳಿ ಒದಗಿಸುವ ಕಂಪ್ರೆಸರ್ ಕೊಳ್ಳುವಾಗ ಟ್ಯಾಂಕ್ ಇರುವುದನ್ನು, ನೀರು ಹಿಡಿಯುವ ಮಾಯಿಶ್ಚರ್ ಟ್ರ್ಯಾಪ್ ಇರುವುದನ್ನು ಕೊಳ್ಳಿ. ಮಂಗಳೂರಿನಲ್ಲಿ ಆ ಪುಟ್ಟ ಗಾಜಿನ ಬಟ್ಟಲಲ್ಲಿ ಒಂದೇ ಸಂಜೆಗೆ ಸೇರುವ ನೀರು ನೋಡಿದರೆ ಬೆಂಗಳೂರಿನವರು ನಂಬುವುದಿಲ್ಲ. ನನ್ನ ಕಂಪ್ರೆಸರ್ ಸದ್ದು ಹೆಚ್ಚಾದದ್ದು ಬಿಟ್ಟರೆ ಇನ್ನೂ ತೊಂದರೆ ಕೊಟ್ಟಿಲ್ಲ. ಏರ್‌ಬ್ರಶ್‌ನ ಸೂಜಿ, ನಾಝಲ್ ಮಾತ್ರ ಬದಲಾಯಿಸಿದ್ದೇನೆ. ಬಿಡಿಭಾಗ ಸುಲಭವಾಗಿ ಸಿಗುವ ಮಾದರಿಯನ್ನೇ ಆರಿಸಿ. ಲ್ಯಾಕರ್‌ಗೆ ಕಿಟಕಿ ತೆರೆದಿರಲಿ, ಆವಿ ತಡೆಯುವ ಫಿಲ್ಟರ್ ಮಾಸ್ಕ್ ಇರಲಿ. ಬಟ್ಟೆಯ ಮಾಸ್ಕ್ ಯಾವುದಕ್ಕೂ ಸಾಲದು. ಒಟ್ಟು ಲೆಕ್ಕ ಹಾಕಿದರೆ ಕಿಟ್‌ಗಿಂತ ಅದರ ಸುತ್ತಲಿನ ಸಾಮಾನಿಗೇ ಹೆಚ್ಚು ಖರ್ಚು. ಆದರೆ ಸಾಮಾನು ಮುಂದಿನ ಕಿಟ್‌ಗೂ ಬರುತ್ತದೆ.

ಡೆಕಾಲ್, ಅಂದರೆ ಮೈಮೇಲೆ ಹಚ್ಚುವ ತೆಳು ಪೊರೆಯ ಗುರುತುಗಳ ವಿಷಯದಲ್ಲಿ ತಯಾರಾಗಿರಿ. ಡಬ್ಬಿಯಲ್ಲಿ ಬರುವುದು ಸಾಮಾನ್ಯವಾಗಿ ಅಮೆರಿಕನ್ ಇಲ್ಲವೇ ಬ್ರಿಟಿಷ್ ಗುರುತು. ಭಾರತೀಯ ಗುರುತುಗಳನ್ನು ಬೇರೆಯಾಗಿ ತರಿಸಬೇಕು. ಯಾವ ವರ್ಷದ ವಿಮಾನ ಕಟ್ಟುತ್ತಿದ್ದೀರಿ ಎಂದು ಮೊದಲೇ ನಿರ್ಧರಿಸಿ, ಗಣರಾಜ್ಯಕ್ಕೆ ಮುಂಚೆ ಕೆಲಕಾಲ ಅಶೋಕ ಚಕ್ರದ ಗುರುತಿತ್ತು, ಕೇಸರಿ-ಬಿಳಿ-ಹಸಿರು ವೃತ್ತ ಆಮೇಲೆ ಬಂದದ್ದು. ಗೋಪುರಗಳೂ ವಿಮಾನದಿಂದ ವಿಮಾನಕ್ಕೆ ಬೇರೆ, ಹಾಗಾಗಿ ಡಬ್ಬಿಯ ಚಿತ್ರಕ್ಕಿಂತ ಆ ವಿಮಾನದ್ದೇ ಫೋಟೊ ನಂಬಿ. ದೆಹಲಿಯ ಪಾಲಂ ವಾಯುಪಡೆ ಸಂಗ್ರಹಾಲಯದಲ್ಲಿ ಅಸಲಿ ಲಿಬರೇಟರ್ ಇದೆ. ಆ ಕಡೆ ಹೋದವರು ಚಕ್ರದ ಗೂಡು, ಎಂಜಿನ್ ತಳದ ಟರ್ಬೊ ಇವೆರಡರ ಫೋಟೊ ತೆಗೆದುಕೊಳ್ಳಿ. ಡೆಕಾಲ್ ಹಚ್ಚುವಾಗ ಅಡಿಯಲ್ಲಿ ಹೊಳಪಿನ ಕ್ಲಿಯರ್ ಕೋಟ್ ನುಣುಪಾಗಿರಲಿ, ಇಲ್ಲದಿದ್ದರೆ ಡೆಕಾಲ್ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ನನ್ನ ಬಿಳಿ ವೃತ್ತಗಳು ಈಗ ತುಸು ಕೆನೆಬಣ್ಣಕ್ಕೆ ತಿರುಗಿವೆ. ಬಿಸಿಲು ನೇರ ಬೀಳುವ ಗೋಡೆಯಿಂದ ಕಪಾಟನ್ನು ಸರಿಸಿದ ಮೇಲೆ ಹೆಚ್ಚಾಗಿಲ್ಲ.

ಮೊದಲ ಬಾರಿ ಮಾಡೆಲ್ ಕಟ್ಟುವವರಿಗೆ ಇದನ್ನು ಹೇಳುವುದಿಲ್ಲ. ಒಂಟಿ ಎಂಜಿನ್‌ನ ಒಂದೆರಡು ಫೈಟರ್ ಮುಗಿಸಿ ಬನ್ನಿ. ಮೆಷಿನ್ ಗನ್ ನಳಿಕೆಗಳು ಹತ್ತು, ಪ್ರತಿಯೊಂದೂ ಒರೆಸುವ ಬಟ್ಟೆಗೆ ಸಿಕ್ಕಿ ಮುರಿಯಲು ಕಾದಿರುತ್ತದೆ. ಗಾಜಿನ ಪೆಟ್ಟಿಗೆ ಇಲ್ಲದೆ ಇಡುವುದಾದರೆ ಕೊಳ್ಳಲೇಬೇಡಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡುತ್ತೇನೆ, ಮಳೆಗಾಲದಲ್ಲಿ ಆಗಾಗ ಬದಲಿಸಬೇಕು.

ಎರಡನೇ ಲಿಬರೇಟರ್ ಡಬ್ಬಿ ಆಗಲೇ ತಂದಿಟ್ಟಿದ್ದೇನೆ. ಈ ಸಲ ಬ್ರಿಟಿಷ್ ವಾಯುಪಡೆಯ 358ನೇ ಸ್ಕ್ವಾಡ್ರನ್. ಅದು ಹುಟ್ಟಿದ್ದು 1944ರ ನವೆಂಬರ್‌ನಲ್ಲಿ, ನಮ್ಮ ಕೋಲಾರದಲ್ಲಿ. ಬರ್ಮಾ ಕಡೆಯ ವಿಮಾನಗಳಲ್ಲಿ ಜಪಾನಿನ ಕೆಂಪು ವೃತ್ತದೊಂದಿಗೆ ಗೊಂದಲವಾಗದಂತೆ ಕೆಂಪು ತೆಗೆದು ಗಾಢ ನೀಲಿ, ತಿಳಿ ನೀಲಿಯ ಗುರುತು ಹಾಕುತ್ತಿದ್ದರು. ಆ ಡೆಕಾಲ್ ಭಾರತೀಯ ಗುರುತಿಗಿಂತ ಸುಲಭವಾಗಿ ಸಿಗುತ್ತದೆ. ಲೋಹದ ಕಾಲುಗಳನ್ನು ಈ ಸಲ ಡಬ್ಬಿಯ ಜೊತೆಯಲ್ಲೇ ತರಿಸಿದ್ದೇನೆ.