ಮೂರು ದೀಪಾವಳಿ, ಒಂದು ಗಿರಾಕಿ ಪಟ್ಟಿ: ಸೀರೆ ಅಂಗಡಿಯಲ್ಲಿ ಸಿಆರ್‌ಎಂ ಬಳಸಿದ ಅನುಭವ

ಗದಗ-ಬೆಟಗೇರಿಯ ನಮ್ಮ ಸೀರೆ ಅಂಗಡಿಯಲ್ಲಿ ದೀಪಾವಳಿ ಪಾಡ್ಯದ ದಿನ ಹೊಸ ಖಾತೆ-ಕೀರ್ದಿಯ ಪೂಜೆ ನಡೆಯುತ್ತದೆ. 2022ರ ಪಾಡ್ಯದಂದು ಕೀರ್ದಿಯ ಪಕ್ಕಕ್ಕೆ ಒಂದು ಲ್ಯಾಪ್‌ಟಾಪನ್ನೂ ಇಟ್ಟು ಕುಂಕುಮ ಹಚ್ಚಿದೆವು. ಬಿಲ್ಲಿಂಗ್, ಗಿರಾಕಿಗಳ ವಿವರ, ವಾಟ್ಸ್‌ಆ್ಯಪ್ ಮತ್ತು ಎಸ್‌ಎಂಎಸ್ ಪ್ರಚಾರ ಇವನ್ನೆಲ್ಲ ಒಂದೇ ಕಡೆ ಜೋಡಿಸುವ ಸಿಆರ್‌ಎಂ ತಂತ್ರಾಂಶವೊಂದಕ್ಕೆ ಅಂದಿನಿಂದ ವರ್ಷ ವರ್ಷ ಚಂದಾ ಕಟ್ಟುತ್ತ ಬಂದಿದ್ದೇವೆ. ಅದರ ಹೆಸರನ್ನು ಬರೆಯುತ್ತಿಲ್ಲ. ಏಕೆಂದರೆ ನಮಗಾದ ಫಜೀತಿಗಳಲ್ಲಿ ಅರ್ಧಕ್ಕೂ ಹೆಚ್ಚು ನಮ್ಮ ಪಟ್ಟಿಯಿಂದಲೇ ಹುಟ್ಟಿದವು.

ಮೊದಲು ಬಿಲ್ಲು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ, ಉದ್ರಿ ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿ, ಫೋನ್ ನಂಬರುಗಳು ನನ್ನ ಮೊಬೈಲಿನಲ್ಲಿ ಕೆಲವು ಮತ್ತು ಅಂಗಡಿಯ ಹುಡುಗರ ಮೊಬೈಲಿನಲ್ಲಿ ಹಲವು ಇದ್ದವು. ಹಬ್ಬಕ್ಕೆ ಹೊಸ ಮಾಲು ಬಂದರೆ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಫೋಟೊ ಕಳಿಸುತ್ತಿದ್ದೆವು. ಆ ಪಟ್ಟಿಗೆ 256 ನಂಬರುಗಳ ಮಿತಿಯಿತ್ತು, ಅದರಲ್ಲೂ ನಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಫೋಟೊ ತಲುಪುತ್ತಿತ್ತು. ಒಬ್ಬ ಹುಡುಗ ಕೆಲಸ ಬಿಟ್ಟರೆ ಅವನ ಮೊಬೈಲಿನೊಡನೆ ಮುಳಗುಂದದ ಕಡೆಯ ಗಿರಾಕಿಗಳೂ ಹೋದಂತೆ.

ಮೂರು ಪಟ್ಟಿಗಳನ್ನು ಒಂದಾಗಿಸಲು ಒಂದು ವಾರ ಸಾಕೆಂದು ಕಂಪನಿಯವರು ಹೇಳಿದ್ದರು, ನಮಗೆ ಒಂದೂವರೆ ತಿಂಗಳು ಹಿಡಿಯಿತು. ‘ಪಾಟೀಲ’ ಎಂದು ಹುಡುಕಿದರೆ ಇಂಗ್ಲಿಷಿನ ಎರಡು ಮೂರು ಕಾಗುಣಿತಗಳಲ್ಲಿ ಪರದೆ ತುಂಬುವಷ್ಟು ಹೆಸರುಗಳು ಬರುತ್ತಿದ್ದವು. ಹುಲಕೋಟಿಯವರು ಯಾರು, ಲಕ್ಕುಂಡಿಯವರು ಯಾರು ಎಂಬುದು ನಮ್ಮ ಹಳೆಯ ಗುಮಾಸ್ತರಿಗೆ ಮಾತ್ರ ಗೊತ್ತಿತ್ತು. ಕೊನೆಗೆ ಅವರನ್ನೇ ಲ್ಯಾಪ್‌ಟಾಪಿನ ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಹೆಸರಿನ ಮುಂದೆ ಊರು ಬರೆಸಿದೆವು. ಈ ಕೆಲಸವನ್ನು ಯಾವ ತಂತ್ರಾಂಶವೂ ಮಾಡಿಕೊಡಲಾರದು, ಆದರೆ ಇದೊಂದು ಆಗದಿದ್ದರೆ ಮುಂದಿನದೆಲ್ಲ ದಂಡ.

ಹೀಗೆ ಬರೆಸಿದ ಮೇಲೂ ಒಂದು ತಪ್ಪು ಉಳಿದಿತ್ತು. ಒಂದು ನಂಬರು ಎಂದರೆ ಒಬ್ಬ ಗಿರಾಕಿ ಎಂದು ತಂತ್ರಾಂಶ ತಿಳಿದಿರುತ್ತದೆ. ನಮ್ಮಲ್ಲಿ ಮದುವೆ ಜವಳಿಗೆ ಎರಡೂ ಕಡೆಯ ಹತ್ತು ಹದಿನೈದು ಜನ ಬಂದು ಕೂರುತ್ತಾರೆ, ಚಹಾ ಎರಡು ಸುತ್ತು ಆಗುತ್ತದೆ, ಬಿಲ್ಲು ಮಾಡುವ ಹೊತ್ತಿಗೆ ಯಾರು ಮೊದಲು ನಂಬರು ಹೇಳಿದರೋ ಅದೇ ಖಾತೆಗೆ ಸೇರುತ್ತದೆ. 2023ರ ಬೇಸಿಗೆಯ ಒಂದು ಜವಳಿಯಲ್ಲಿ ಹೆಣ್ಣಿನ ತಂದೆ 18,400 ರೂಪಾಯಿ ಬಾಕಿ ಇಟ್ಟು ಹೋಗಿದ್ದರು, ಆದರೆ ಬಿಲ್ಲಿನಲ್ಲಿದ್ದದ್ದು ಗಂಡಿನ ತಂದೆಯ ನಂಬರು. ಮೂವತ್ತನೆಯ ದಿನ ತಂತ್ರಾಂಶ ತಾನಾಗಿಯೇ ಬಾಕಿಯ ನೆನಪೋಲೆಯನ್ನು ಹೆಣ್ಣಿನ ತಂದೆಯ ಹೆಸರು, ಮೊತ್ತದ ಸಮೇತ ಬೀಗರಿಗೆ ಕಳಿಸಿತು. "ಸಾಹುಕಾರ್ರ, ನಮ್ಮ ಬೀಗರ ಬಾಕಿ ನಮಗ್ಯಾಕ ತಿಳಿಸೀರಿ?" ಎಂದು ಬೀಗರು ನಗುತ್ತಲೇ ಫೋನ್ ಮಾಡಿದರು, ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮರುದಿನ ಹೆಣ್ಣಿನ ತಂದೆಯ ಮನೆಗೆ ಹೋಗಿ ಕೈಮುಗಿದು ಬಂದೆ. ಅವರು ಅದೇ ವಾರ ಬಾಕಿ ಚುಕ್ತಾ ಮಾಡಿದರು, ನಮ್ಮ ಅಂಗಡಿಯ ಮೆಟ್ಟಿಲನ್ನು ಮಾತ್ರ ಮತ್ತೆ ಹತ್ತಿಲ್ಲ.

ಪ್ರಚಾರದ ಭಾಗದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿದೆ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವ ಮುಂಚೆ, ಹಿಂದಿನ ಎರಡು ವರ್ಷಗಳಲ್ಲಿ ಇಳಕಲ್ಲ ಸೀರೆ ಒಯ್ದ ಸುಮಾರು 300 ಮನೆಗಳಿಗೆ ಮಾತ್ರ ಹೊಸ ಬಣ್ಣಗಳ ಫೋಟೊ ಕಳಿಸಿದಾಗ 40ಕ್ಕೂ ಹೆಚ್ಚು ಮನೆಯವರು ತಿರುಗಿ ಬರೆದರು. ಹಿಂದೆ ಎಲ್ಲರಿಗೂ ಎಲ್ಲವನ್ನೂ ಕಳಿಸುತ್ತಿದ್ದಾಗ ಇಷ್ಟು ಉತ್ತರ ಎಂದೂ ಬಂದಿರಲಿಲ್ಲ. ಗಿರಾಕಿ ಬರೆದ 24 ಗಂಟೆಗಳೊಳಗೆ ನಮ್ಮ ಮಾತಿನಲ್ಲೇ ಉತ್ತರಿಸಬಹುದು, ಆಮೇಲೆ ಬರೆಯಬೇಕಾದರೆ ವಾಟ್ಸ್‌ಆ್ಯಪ್ ಮೊದಲೇ ಒಪ್ಪಿದ ಸಿದ್ಧ ಸಂದೇಶ, ಅಂದರೆ ಟೆಂಪ್ಲೇಟ್, ಬೇಕು. 2025ರ ಜುಲೈನಿಂದ ಟೆಂಪ್ಲೇಟ್ ಸಂದೇಶಗಳಿಗೆ ಒಂದೊಂದಕ್ಕೂ ದರ ಬೀಳುತ್ತಿದ್ದು, ಬಿಲ್ಲಿನಂಥದಕ್ಕೆ ಕಡಿಮೆ, ಪ್ರಚಾರಕ್ಕೆ ಹೆಚ್ಚು. ಆದ್ದರಿಂದ ಪಟ್ಟಿಯನ್ನು ಸೋಸಿ ಕಳಿಸುವುದು ಮರ್ಯಾದೆಗೂ ಲೇಸು, ಗಲ್ಲಾಪೆಟ್ಟಿಗೆಗೂ ಲೇಸು.

ಎಸ್‌ಎಂಎಸ್ ನಮ್ಮಂಥವರಿಗೆ ಹೊಂದಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಗಳಂತೆ, ವ್ಯಾಪಾರದ ಎಸ್‌ಎಂಎಸ್ ಕಳಿಸುವವರನ್ನು ದಾಖಲಿಸುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ಅಂಗಡಿಯನ್ನೂ ಪ್ರತಿ ಟೆಂಪ್ಲೇಟನ್ನೂ ನೋಂದಾಯಿಸಬೇಕು. ಅದಾದ ಮೇಲೆ ಇಂಗ್ಲಿಷಿನ ಒಂದು ಸಂದೇಶಕ್ಕೆ 160 ಅಕ್ಷರಗಳ ಅವಕಾಶವಿದ್ದರೆ ಕನ್ನಡಕ್ಕೆ 70 ಮಾತ್ರ, ಅದರಲ್ಲೂ ಒತ್ತು, ಗುಣಿತಗಳೆಲ್ಲ ಬೇರೆ ಬೇರೆ ಎಣಿಕೆಯಾಗುತ್ತವೆ: ‘ಶ್ರೀ’ ಎಂದರೆ ನಾಲ್ಕು, ‘ನಾಗರ ಪಂಚಮಿಯ ಶುಭಾಶಯಗಳು’ ಎಂದರೆ 21. ಅಂಗಡಿಯ ಹೆಸರು, ವಿಳಾಸ ಸೇರಿಸುವಷ್ಟರಲ್ಲಿ ಒಂದು ಸಂದೇಶ ಎರಡಾಗಿ ದುಡ್ಡೂ ಎರಡರಷ್ಟಾಗುತ್ತದೆ.

ತಮ್ಮನ ಮಗ ಈಗ ಇದನ್ನೆಲ್ಲ ನೋಡಿಕೊಳ್ಳುತ್ತಾನೆ. ಮದುವೆ ಜವಳಿ ಒಯ್ದು ಒಂದು ವರ್ಷ ತುಂಬಿದ ಮನೆಗಳಿಗೆ ಕುಬಸದ (ಸೀಮಂತದ) ಹಸಿರು ಸೀರೆಯ ಸಂದೇಶ ತಾನಾಗಿಯೇ ಹೋಗುವಂತೆ ಮಾಡೋಣವೆಂದು ಅವನು ಹುರುಪಿನಿಂದ ಹೇಳಿದಾಗ ಅವನ ತಾಯಿಯೇ ಗದರಿಸಿ ಸುಮ್ಮನಾಗಿಸಿದಳು. ಬಿಲ್ಲು ಮಾಡುವಾಗ ಈಗ ಎರಡು ಪ್ರಶ್ನೆ ಕೇಳುತ್ತೇವೆ: ಈ ನಂಬರು ಯಾರದು, ಹಬ್ಬಕ್ಕೆ ಫೋಟೊ ಕಳಿಸಬಹುದೇ. ಬೇಡವೆಂದವರ ಹೆಸರಿನ ಮುಂದೆ ಅಲ್ಲೇ ಗುರುತು ಹಾಕುತ್ತೇವೆ. ವೈಯಕ್ತಿಕ ದತ್ತಾಂಶದ 2023ರ ಕಾಯ್ದೆಯೂ ಒಪ್ಪಿಗೆಯನ್ನೇ ಕೇಳುತ್ತದೆ.

ಸಹಾಯವಾಣಿಯಲ್ಲಿ ಕನ್ನಡ ಬಲ್ಲವರು ಸಿಗುವುದು ಅಪರೂಪ, ಚಂದಾದ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಆದರೂ ಈ ಪಾಡ್ಯಕ್ಕೆ ಚಂದಾ ಮುಂದುವರಿಸಿದ್ದೇನೆ. ಬಾಕಿಯ ನೆನಪೋಲೆ ಮಾತ್ರ ಬೀಗರ ಫೋನ್ ಬಂದ ದಿನವೇ ನಿಂತಿದೆ. ಈಗ ಉದ್ರಿಯವರಿಗೆ ಗುಮಾಸ್ತರು ಕೆಂಪು ಪುಸ್ತಕ ತೆರೆದಿಟ್ಟುಕೊಂಡು, ನಂಬರು ಯಾರದೆಂದು ಎರಡು ಸಲ ನೋಡಿ, ತಾವೇ ಫೋನ್ ಮಾಡುತ್ತಾರೆ.