ಆಹಾರ ಜಾಲದ ಪ್ರಾಜೆಕ್ಟ್‌ಗೆ ಐನ್ಯಾಚುರಲಿಸ್ಟ್: ಅರ್ಧ ಕೆಲಸಕ್ಕೆ ಅಡ್ಡಿಯಿಲ್ಲ
5ಕ್ಕೆ 3 ಅಂಕ. ಜನ ತಾವು ಕಂಡ ಗಿಡ, ಪ್ರಾಣಿಗಳ ಫೋಟೊ ಹಾಕಿ ಹೆಸರು ಗುರುತಿಸುವ ಈ ತಾಣ ಉಚಿತ, ಬರೀ ನೋಡುವುದಕ್ಕೆ ಖಾತೆಯೂ ಬೇಡ. ‘ಎಕ್ಸ್‌ಪ್ಲೋರ್’ ಒತ್ತಿ, ಸ್ಥಳದಲ್ಲಿ ಐಲ್ ರಾಯಲ್ ಎಂದು ಹಾಕಿ, ‘ಸ್ಪೀಷೀಸ್’ ಪಟ್ಟಿ ತೆರೆಯಿರಿ. ಅಮೆರಿಕದ ಸುಪೀರಿಯರ್ ಸರೋವರದಲ್ಲಿರುವ ಈ ದ್ವೀಪ ಶಾಲೆಯ ಪ್ರಾಜೆಕ್ಟ್‌ಗೆ ಹೇಳಿ ಮಾಡಿಸಿದಂತಿದೆ: ದೊಡ್ಡ ಪ್ರಾಣಿಗಳ ಜಾತಿ ಕಡಿಮೆ, ತೋಳ ಮತ್ತು ಮೂಸ್ ಎಂಬ ದೈತ್ಯ ಜಿಂಕೆಯ ಅಧ್ಯಯನ 1958ರಿಂದ ನಡೆದಿದೆ. ಫಿಲ್ಟರ್‌ನಲ್ಲಿ ‘ರಿಸರ್ಚ್ ಗ್ರೇಡ್’ ಆರಿಸದಿದ್ದರೆ ತಪ್ಪು ಹೆಸರಿನ ಫೋಟೊಗಳೂ ನುಸುಳುತ್ತವೆ.

ಪೇಚಾಟ ಶುರುವಾಗುವುದು ಆಮೇಲೆ. ಯಾರು ಯಾರನ್ನು ತಿನ್ನುತ್ತಾರೆ ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಫೋಟೊಗಳ ಎಣಿಕೆ ಪ್ರಾಣಿಗಳ ಎಣಿಕೆಯೂ ಅಲ್ಲ. ಪ್ರವಾಸಿಗರು ಹೂವಿಗೆ ಕ್ಯಾಮೆರಾ ಹಿಡಿಯುತ್ತಾರೆ, ಉಣುಗಿಗೆ ಹಿಡಿಯುವವರು ಯಾರು? ಮೂಸ್‌ನ ರಕ್ತ ಹೀರಿ ಅದನ್ನು ಸೊರಗಿಸುವುದೇ ಆ ಉಣುಗು. ಹಾಗಾಗಿ ಯಾರು ಯಾರ ಆಹಾರ ಎಂದು ತೋರಿಸುವ ಬಾಣ ಎಳೆಯಲು, ಆ ಅಧ್ಯಯನ ನಡೆಸುವ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದ ವಾರ್ಷಿಕ ವರದಿಗಳನ್ನು ಪಕ್ಕದಲ್ಲಿಟ್ಟುಕೊಳ್ಳಲೇಬೇಕು. ಚಳಿಗಾಲದಲ್ಲಿ ಬಾಲ್ಸಮ್ ಫರ್ ಮರದಿಂದ ಮೂಸ್‌ಗೆ, ಮೂಸ್‌ನಿಂದ ತೋಳಕ್ಕೆ; ಬೇಸಿಗೆಯಲ್ಲಿ ಬೀವರ್ ಎಂಬ, ನೀರಲ್ಲಿ ಬಾಳುವ ದೊಡ್ಡ ದಂಶಕದಿಂದಲೂ ತೋಳಕ್ಕೆ. ಬಾಣದ ಮೊನೆ ತಿನ್ನುವ ಪ್ರಾಣಿಯ ಕಡೆಗಿರಲಿ, ಶಕ್ತಿ ಹರಿಯುವುದು ಆ ದಿಕ್ಕಿಗೆ. ಮಕ್ಕಳು ಇದನ್ನೇ ಉಲ್ಟಾ ಹಾಕಿ ಅಂಕ ಕಳೆದುಕೊಳ್ಳುತ್ತಾರೆ. ಎಂಟು-ಹತ್ತು ಜೀವಿ ಸಾಕು, ಆದರೆ ಕೊಳೆಸುವ ಶಿಲೀಂಧ್ರ ಬಿಡಬೇಡಿ.